ಬುಟ್ಟಿಯಲ್ಲಿ ಬೆಂದ ಮತೋಕೆ

ಮಸಾಕಾ
೧೨ ಫೆಬ್ರವರಿ ೨೦೨೫

ಪ್ರೀತಿಯ ಸೆಂಗಾ,

ಬೆಳಗಿನ ಜಾವ ನಾಲ್ಕೂ ಹತ್ತು. ದಬ್ ಅಂತ ಸದ್ದಾಯಿತು, ಎದ್ದು ಕೂತೆ. ಮೊದಲು ಕಿಸಾಳ ಎದೆಯ ಮೇಲೆ ಕೈಯಿಟ್ಟು ನೋಡಿದೆ, ಉಸಿರಾಡುತ್ತಿದ್ದಾಳೆ. ಆಮೇಲೆ ಗೊತ್ತಾಯಿತು: ಅಪ್ಪನ ಹಿತ್ತಲಿನಲ್ಲಿ ಹಲಸಿನ ಹಣ್ಣು ಬಿದ್ದದ್ದು. ನಮ್ಮ ಬಾಡಿಗೆ ಮನೆಗೂ ಅಪ್ಪನ ಮನೆಗೂ ಕೂಗಳತೆ ದೂರ. ರಾತ್ರಿ ಅಲ್ಲಿ ಕೆಮ್ಮಿದರೂ ಇಲ್ಲಿ ಕೇಳುತ್ತದೆ.

ಇನ್ನು ನಿದ್ದೆ ಬರುವುದಿಲ್ಲ. ಮಗು ಹುಟ್ಟಿದ ಆರು ತಿಂಗಳಿಂದ ಹೀಗೇ. ನಿಮ್ಮ ಫೋನ್ ದೋಣಿಯಿಂದ ಸರೋವರಕ್ಕೆ ಬಿತ್ತಂತೆ, ಹೊಸದು ಬೇಡವೆಂದಿರಂತೆ. ಅದಕ್ಕೇ ಸೋದರತ್ತೆಗೆ ಈ ಕಾಗದ. ನಮ್ಮವರು ಬೊಸ್ಕೊ ಶಾಲೆಗೆ ಪಾಠ ಮಾಡಲು ಹೋಗುವಾಗ ನಿಮ್ಮ ದ್ವೀಪದ ಬಸ್ಸಿನವರ ಕೈಗೆ ಕೊಡುತ್ತಾರೆ.

ವಿಷಯ ಇದು. ಮೊನ್ನೆ ಊಟದ ಹೊತ್ತಿಗೆ ಅಪ್ಪ ಹೇಳಿದರು, ತಂಗಿ ಇಮ್ಮಾಕುಲೇಟಳ ಕ್ವಾಂಜುಲಾ ಆಗಸ್ಟ್ ಹದಿನಾರರ ಶನಿವಾರ. ಗಂಡಿನ ಕಡೆಯವರು ಮುಕೊನೊದಿಂದ ಬಂದು ಹೆಣ್ಣು ಕೇಳುತ್ತಾರೆ. ನಮ್ಮವರೂ ಸೇರಿ ಇನ್ನೂರು ಜನ. ಇನ್ನೂರು ಜನರ ಮತೋಕೆ, ಅಂದರೆ ಅಷ್ಟೂ ಬಾಳೆಕಾಯಿ, ಇಡೀ ರಾತ್ರಿ ಹಬೆಯಲ್ಲಿ ಬೇಯಬೇಕು. ಅದಕ್ಕೆ ಹಿತ್ತಲಿನ ಎರಡೂ ಹಲಸಿನ ಮರ ಕಡಿಸುತ್ತಾರಂತೆ! "ಮೇ ತಿಂಗಳಲ್ಲಿ ಕಡಿದ್ರೆ ಆಗಸ್ಟಿಗೆ ಗರಿಗರಿ ಒಣಗ್ತವೆ" ಅಂದರು. ಮಂಟಪದ ಯೋಚನೆ ಇನ್ನೂ ಮಾಡಿಲ್ಲ, ಸೌದೆಗೆ ಅಂತ ತಗಡಿನ ಮಾಡು ಮಾತ್ರ ಆಗಲೇ ಹಾಕಿಸಿದ್ದಾರೆ. ಆಗಸ್ಟ್ ನಮ್ಮಲ್ಲಿ ಒಣ ತಿಂಗಳು, ಮಳೆಯೆಲ್ಲಿ ಸೆಂಗಾ? ನನಗೆ ಅರ್ಥವಾಗಲಿಲ್ಲ.

ನಾನು ಬೇಡವೆಂದೆ. ಅಪ್ಪ ನಕ್ಕರು. "ಕಾಲೇಜಿನ ಓದು ಮಾತಾಡ್ತಿದೆ. ನಮ್ಮ ಎರಡು ಮರ ಉಳಿದ್ರೆ ಲೋಕದ ಬಿಸಿಲು ಇಳಿಯುತ್ತೇನಮ್ಮಾ?"

ಇಳಿಯುವುದಿಲ್ಲ. ಗೊತ್ತು. ಆದರೆ ಅಡುಗೆಮನೆಯ ಮೇಲಿನ ಬಿಸಿಲು ಇಳಿಯುತ್ತದೆ. ಮಧ್ಯಾಹ್ನ ಕಿಸಾ ಮಲಗುವುದು ಆ ನೆರಳಿನಲ್ಲೇ. ಉತ್ತರದ ಕಡೆ ಕಾಡೆಲ್ಲ ಇದ್ದಿಲಾಗಿ ಲಾರಿ ಹತ್ತಿ ನಮ್ಮೂರ ಸಂತೆಗೆ ಬರುತ್ತಿದೆ. ಈಗ ನಮ್ಮ ಹಿತ್ತಲಿಗೂ ಸರದಿ ಬಂತಲ್ಲ. ಕಿಸಾಗೆ ಐವತ್ತಾಗುವಾಗ ಮಳೆ ಯಾವ ತಿಂಗಳು ಬರುತ್ತದೋ, ಬರುತ್ತದೋ ಇಲ್ಲವೋ ಎಂದು ಲೆಕ್ಕ ಹಾಕುತ್ತಾ ಕೂರುತ್ತೇನೆ. ಬೊಸ್ಕೊ ಹೇಳುತ್ತಾರೆ, "ಅವಳಿಗೆ ಮೊದಲು ಹಲ್ಲು ಬರಲಿ ಬಿಡೇ."

ಆದರೆ ಸುಮ್ಮನೆ ಕೂತಿಲ್ಲ ನಾನು! ಮಗುವಿನ ನೀರು ಬೆಳಿಗ್ಗೆ ಒಂದು ಸಲ ಕಾಯಿಸಿ ಫ್ಲಾಸ್ಕಿನಲ್ಲಿಡುತ್ತೇನಲ್ಲ, ಅದನ್ನು ನೋಡುತ್ತಾ ಹೊಳೆಯಿತು. ಕಾಲೇಜಿನಲ್ಲಿದ್ದಾಗ ಒಬ್ಬಾಕೆ ಬುಟ್ಟಿಯಲ್ಲಿ ಕಾಳು ಬೇಯಿಸಿದ್ದನ್ನು ನೋಡಿದ್ದೆ. ಒಲೆಯ ಮೇಲೆ ಒಂದು ಕುದಿ, ಆಮೇಲೆ ಪಾತ್ರೆಯನ್ನು ಕಂಬಳಿ ತುಂಬಿದ ಬುಟ್ಟಿಯೊಳಗಿಟ್ಟು ಮುಚ್ಚುವುದು. ಬೆಂಕಿ ಬೇಡ, ಕಾಯುವುದೂ ಬೇಡ. ಹಳೆಯ ಸ್ವೆಟರುಗಳು, ಒಣ ಬಾಳೆ ಎಲೆ ತುಂಬಿದ ದಿಂಬುಗಳು, ನನ್ನ ಮದುವೆಯಲ್ಲಿ ಬಂದ ಆ ಕೆಟ್ಟ ಹಸಿರು ಕಂಬಳಿ, ಎಲ್ಲ ಹಾಕಿ ಒಂದು ಬುಟ್ಟಿ ಕಟ್ಟಿದೆ. ನಿನ್ನೆ ಕಾಳು ಕುದಿಸಿ ಒಳಗಿಟ್ಟು ಬಟ್ಟೆ ಒಗೆಯಲು ಹೋದೆ. ಬಂದು ತೆಗೆದರೆ ಬೆಣ್ಣೆ, ಸೆಂಗಾ, ಬೆಣ್ಣೆ! ಒಲೆ ಉರಿದದ್ದು ಇಪ್ಪತ್ತು ನಿಮಿಷ.

ಕಾಳಿಗೆ ಆದದ್ದು ಮತೋಕೆಗೂ ಆದರೆ? ಇನ್ನೂರು ಜನರದ್ದಕ್ಕೂ ಆದರೆ? ಆಗ ಮರ ಯಾಕೆ ಬೇಕು? ಒಂದು ಕುದಿಗೆ ಕಾಫಿ ಗಿಡ ಸವರಿದ ಕಡ್ಡಿಗಳೇ ಸಾಕು. ಅಪ್ಪನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ ನೀವು. ನೀವು ಹೇಳಿದರೆ ಅವರು ಇಲ್ಲವೆನ್ನುವುದಿಲ್ಲ. ಒಂದು ಮಾತು ಹೇಳಿ.

ಮಂಡಿಯೂರಿ ನಮಸ್ಕರಿಸುವ
ಪ್ರಾಸ್ಕೋವಿಯಾ


ಕಲಂಗಾಲಾ ದ್ವೀಪ
೨೭ ಫೆಬ್ರವರಿ

ಮಗಳೇ ಪ್ರಾಸ್ಕೋವಿಯಾ,

ನಿನ್ನ ಕಾಗದ ಈರುಳ್ಳಿ ಮೂಟೆಯ ಜೊತೆ ಬಂತು. ಓದುತ್ತಾ ಕಣ್ಣಲ್ಲಿ ನೀರು ಬಂದದ್ದು ಅದರಿಂದ ಎಂದು ತಿಳಿ.

ಇಷ್ಟು ವರ್ಷ ಹೆರಿಗೆ ಮಾಡಿಸಿದವಳು ನಾನು. ನಿದ್ದೆಗೆಟ್ಟ ಬಾಣಂತಿಗೆ ಲೋಕವೆಲ್ಲ ಹೊತ್ತಿ ಉರಿಯುತ್ತಿರುವ ಹಾಗೆ ಕಾಣುತ್ತದೆ. ಹಾಗಂತ ನೀನು ಹೇಳಿದ್ದು ಸುಳ್ಳಲ್ಲ. ನಮ್ಮ ದಡದ ಹಳೆಯ ದೋಣಿಕಟ್ಟೆ ಈಗ ನೀರಿನೊಳಗಿದೆ, ಮೀನುಗಾರರು ಮಳೆಯ ದಿನ ಹೇಳುವುದನ್ನೇ ಬಿಟ್ಟಿದ್ದಾರೆ.

ಆದರೆ ಬುಟ್ಟಿ! ಬುಟ್ಟಿಯಲ್ಲಿ ಕೋಳಿ ಕಾವು ಕೂರುತ್ತದೆ, ಮತೋಕೆ ಬೇಯುವುದಿಲ್ಲ. ಕಾಳು ಬೆಂದರೆ ಕಾಳು ಬೆಂದಂತೆ ಅಷ್ಟೇ. ಬೇಯದ ಮತೋಕೆಯನ್ನು ಬೀಗರ ಮುಂದೆ ಇಡುವುದೆಂದರೆ ಏನೆಂದು ನನಗೆ ಗೊತ್ತು. ಅದರ ಬಗ್ಗೆ ಇಷ್ಟೇ.

ಉಣ್ಣದೆ ನಾನು ತೀರ್ಪು ಕೊಡುವವಳಲ್ಲ. ನಿನ್ನ ಅಪ್ಪನಿಗೆ ಹೇಳದೆ ಬಡಿಸು. ಕೇಳಿ ಎರಡನೇ ಸಲ ಹಾಕಿಸಿಕೊಂಡರೆ ನನಗೆ ಬರೆ. ಮಗುವಿಗೆ ರಾತ್ರಿ ಹಾಲು ಕುಡಿಸಿದ ಮೇಲೆ ತೇಗು ಬರುವವರೆಗೂ ಮಲಗಿಸಬೇಡ.

ನಿನ್ನ ಸೆಂಗಾ
ಜಸಿಂತಾ


ಮಸಾಕಾ
೧೬ ಮಾರ್ಚ್

ಪ್ರೀತಿಯ ಸೆಂಗಾ,

ಸೋತೆ. ಆದರೂ ಖುಷಿಯಲ್ಲಿದ್ದೇನೆ. ಯಾಕೆಂದು ಹೇಳುತ್ತೇನೆ, ನಗಬೇಡಿ.

ನಿನ್ನೆ ಅಪ್ಪನ ಮನೆಯಲ್ಲೇ ಮಾಡಿದೆ. ಕಾಯಿ ಹೆರೆದು, ಬಾಳೆ ಎಲೆಯಲ್ಲಿ ಗಂಟು ಕಟ್ಟಿ, ಪಾತ್ರೆಯಲ್ಲಿಟ್ಟು, ಮುಕ್ಕಾಲು ಗಂಟೆ ಕುದಿಸಿ ಬುಟ್ಟಿಗೆ ಇಳಿಸಿದೆ. ಅಮ್ಮನಿಗೆ ಮುಟ್ಟಬೇಡ ಎಂದು ಹೇಳಿ ಕಿಸಾಳನ್ನು ಮಲಗಿಸಲು ಹೋದೆ. ತಿರುಗಿ ಬಂದರೆ ಅಮ್ಮ ಬುಟ್ಟಿಯ ಮುಂದೆ ಮಂಡಿಯೂರಿದ್ದಾಳೆ, ಎಲೆಯ ಗಂಟು ಹೊರಗಿದೆ, ಎರಡೂ ಅಂಗೈಯಲ್ಲಿ ಅದನ್ನು ಒತ್ತುತ್ತಿದ್ದಾಳೆ!

"ಅಮ್ಮಾ! ತೆಗೀಬೇಡ ಅಂದಿದ್ನಲ್ಲ!"

"ತೆಗೀದೆ ಒತ್ತೋದು ಹೆಂಗೇ? ಒತ್ತದೆ ಇದ್ರೆ ಅದು ಮತೋಕೆನಾ, ಕಲ್ಲಾ?"

"ಎಷ್ಟು ಸಲ ತೆಗೆದೆ?"

"ಒಂದೇ ಸಲ."

"ಮೂರು ಸಲ" ಎಂದಳು ಮೂಲೆಯಿಂದ ಜಜ್ಜಾ. ನಿಮ್ಮ ತಾಯಿಗೆ ಎಂಬತ್ತನಾಲ್ಕಾದರೂ ಕಣ್ಣು ಗಿಡುಗನದ್ದೇ. "ಮೂರನೇ ಸಲಕ್ಕೆ ನಾನೂ ಒಂದು ಕೈ ಒತ್ತಿದೆ."

ಬಿಸಿಯೆಲ್ಲ ಹೋಗಿತ್ತು. ಬಡಿಸಿದಾಗ ಮತೋಕೆ ಒಳಗೆ ಬಿಳಿಯಾಗಿ ಗಟ್ಟಿಯಾಗಿತ್ತು. ಅಪ್ಪ ಒಂದು ತುತ್ತು ಬಾಯಿಗಿಟ್ಟರು. ಅಷ್ಟಕ್ಕೆ ನಿಲ್ಲಿಸಿದರು. ಬೈಯಲಿಲ್ಲ, ಗೇಲಿ ಮಾಡಲಿಲ್ಲ. ತಟ್ಟೆ ಸರಿಸಿ ಎದ್ದು ಹೋಗಿ ಸೌದೆಮಾಡಿನ ತಗಡು ಬಿಗಿಯಾಗಿದೆಯೇ ಎಂದು ಅಲ್ಲಾಡಿಸಿ ನೋಡಿದರು. ಅವರು ಗೇಲಿ ಮಾಡಿದ್ದರೇ ಚೆನ್ನಾಗಿರುತ್ತಿತ್ತು. ಅವರ ಮುಖ ಅಷ್ಟು ಕಂದಿದ್ದನ್ನು ನಾನು ಕಂಡಿರಲಿಲ್ಲ.

ರಾತ್ರಿಯೆಲ್ಲ ಮಗುವನ್ನು ತೂಗುತ್ತಾ ಯೋಚಿಸಿದೆ. ಕಾಲೇಜಿನಲ್ಲಿ ಓದುವಾಗ ನೋಡಿದ ಬುಟ್ಟಿಯಲ್ಲಿ ಇದ್ದದ್ದು ಕಾಳು. ಕಾಳನ್ನು ಯಾರೂ ಒತ್ತುವುದಿಲ್ಲ. ನಮ್ಮ ಹೆಂಗಸರ ಕೈ ಮತೋಕೆಯ ಗಂಟು ಕಂಡರೆ ಸುಮ್ಮನಿರುವುದಿಲ್ಲ, ಅದು ಅಮ್ಮನ ತಪ್ಪಲ್ಲ. ಹಾಗಾದರೆ ಒತ್ತುವುದನ್ನೇ ಮೊದಲು ಮಾಡಿಬಿಟ್ಟರೆ? ಒಲೆಯ ಮೇಲೆ ಮೆತ್ತಗಾದ ತಕ್ಷಣ ಒತ್ತಿ, ಮತ್ತೆ ಒಂದು ಜೋರು ಕುದಿ ಬರಿಸಿ, ಆಮೇಲೆ ಬುಟ್ಟಿಗೆ! ಈಗ ಐದು ಗಂಟೆ, ಸೆಂಗಾ. ಬೆಳಕು ಹರಿಯುವುದನ್ನೇ ಕಾಯುತ್ತಿದ್ದೇನೆ, ಬೊಸ್ಕೊರನ್ನು ಎಬ್ಬಿಸಿ ಹೇಳಿಯೂ ಆಯಿತು. "ನನ್ನನ್ನೂ ಕಂಬಳಿ ಸುತ್ತಿ ಬುಟ್ಟಿಯೊಳಗಿಡು ಮಾರಾಯ್ತಿ, ನಾನಾದ್ರೂ ನಿದ್ದೆ ಮಾಡ್ತೀನಿ" ಎಂದು ಮಗ್ಗುಲಾದರು.

ಮಾರ್ಚ್ ಅರ್ಧ ಕಳೆದರೂ ಮಳೆ ಇನ್ನೂ ಬಂದಿಲ್ಲ.

ನಿಮ್ಮ
ಪ್ರಾಸ್ಕೋವಿಯಾ


ಮಸಾಕಾ
೨೨ ಏಪ್ರಿಲ್

ಪ್ರೀತಿಯ ಸೆಂಗಾ,

ಎರಡನೇ ಸಲ ಹಾಕಿಸಿಕೊಂಡರು! ಎರಡಲ್ಲ, ಮೂರು!

ಈಸ್ಟರ್ ಊಟಕ್ಕೆ ನಲವತ್ತೊಂದು ಜನ. ಅಪ್ಪನಿಗೆ ಒಂದು ಮಾತೂ ಹೇಳದೆ ಮೂರು ದೊಡ್ಡ ಬುಟ್ಟಿ ಸಿದ್ಧಮಾಡಿದ್ದೆವು. ಬೆಳಿಗ್ಗೆ ಪೂಜೆಗೆ ಹೋಗುವ ಮುಂಚೆ ಕುದಿಸಿ, ಅಮ್ಮ ಮನಸಾರೆ ಒತ್ತಿ, ಮತ್ತೆ ಕುದಿಸಿ, ಬುಟ್ಟಿಗಿಳಿಸಿ ಕೌದಿ ಹೊದಿಸಿದೆವು. ಚರ್ಚಿನಲ್ಲಿ ನನಗೆ ಒಂದು ಹಾಡೂ ತಲೆಗೆ ಹೋಗಲಿಲ್ಲ. ತಿರುಗಿ ಬಂದರೆ ಮನೆತುಂಬ ಹೆಂಗಸರು, ಒಬ್ಬೊಬ್ಬರದ್ದೂ ಕೈ ಬುಟ್ಟಿಯ ಕಡೆಗೇ.

"ಒಂಚೂರು ತೆಗೆದು ನೋಡೋಣ."

"ಬರೀ ಬೆರಳು ಹಾಕ್ತೀನಿ ಕಣೇ."

ಆಗ ಜಜ್ಜಾ ತನ್ನ ಹಬ್ಬದ ಗೊಮೆಸಿಯ ನೆರಿಗೆ ಹರಡಿಕೊಂಡು ದೊಡ್ಡ ಬುಟ್ಟಿಯ ಮೇಲೆ ಕೂತೇಬಿಟ್ಟಳು. ಉಳಿದ ಎರಡು ಬುಟ್ಟಿಗಳನ್ನು ಎಡಬಲಕ್ಕೆ ಎಳೆಸಿಕೊಂಡು ಅವುಗಳ ಮೇಲೆ ಒಂದೊಂದು ಕೈ ಇಟ್ಟಳು.

"ನನ್ನನ್ನ ಎಬ್ಬಿಸೋ ಧೈರ್ಯ ಇರೋಳು ಮುಂದೆ ಬರ್ಲಿ."

ಯಾರು ಎಬ್ಬಿಸುತ್ತಾರೆ? ಬಂದವರೆಲ್ಲ ಅವಳ ಮುಂದೆ ಮಂಡಿಯೂರಿ ಕ್ಷೇಮ ಕೇಳಿ ಎದ್ದು ಹೋಗುವುದಷ್ಟೇ. ಎರಡು ಗಂಟೆ ಕೂತಿದ್ದಳು. "ಬೆನ್ನಿಗೆ ಹಿತವಾಗಿತ್ತು, ಡಾಕ್ಟರ ಬಿಸಿನೀರಿನ ಚೀಲಕ್ಕಿಂತ ವಾಸಿ" ಎಂದಳು ಆಮೇಲೆ.

ತೆರೆದಾಗ ಎದ್ದ ಹಬೆಯನ್ನು ನೀವು ನೋಡಬೇಕಿತ್ತು! ಬಾಳೆ ಎಲೆಯ ಆ ವಾಸನೆ! ಮತೋಕೆ ಅರಿಶಿನದಷ್ಟು ಹಳದಿ, ಚಮಚ ತಾನಾಗಿ ಇಳಿಯುತ್ತಿತ್ತು. ಕಡಲೆಕಾಯಿ ಸಾರಿನ ಜೊತೆ ಅಪ್ಪ ಮೂರು ಸಲ ಹಾಕಿಸಿಕೊಂಡು, ಕೈ ತೊಳೆದು, "ಅಡುಗೆ ಮಾಡಿದ ತಾಯಿಗೆ ದೊಡ್ಡ ವಂದನೆ, ಯಾರು ರಾತ್ರಿಯೆಲ್ಲ ಬೆಂಕಿ ಕಾದೋರು?" ಎಂದರು.

"ಯಾರೂ ಕಾದಿಲ್ಲ. ನಾನು ಕೂತಿದ್ದೆ" ಎಂದಳು ಜಜ್ಜಾ.

ಎಲ್ಲರೂ ಬಿದ್ದುಬಿದ್ದು ನಕ್ಕರು. ನಾನು ಅಪ್ಪನನ್ನು ಕರೆದುಕೊಂಡು ಹೋಗಿ ಒಲೆ ತೋರಿಸಿದೆ: ಕಾಫಿ ಕಡ್ಡಿಯ ಬೂದಿ ಒಂದು ಮೊರದಷ್ಟು, ಅಷ್ಟೇ. ಅವರು ಬೂದಿಯನ್ನು ಕಾಲಿನಿಂದ ಕೆದಕಿದರು. ಒಪ್ಪಿದರೆಂದೇ ಅಂದುಕೊಂಡೆ. "ಚೆನ್ನಾಗಿತ್ತಮ್ಮ. ನಿಜವಾಗ್ಲೂ ಚೆನ್ನಾಗಿತ್ತು. ಆದ್ರೆ ಮರ ಕಡಿಯೋರಿಗೆ ಹೇಳಿ ಆಗಿದೆ" ಎಂದು ಹೊರಟುಹೋದರು.

ಯಾಕೆ ಸೆಂಗಾ? ಉಂಡರು, ನೋಡಿದರು, ಹೊಗಳಿದರು. ಮತ್ತೆ ಯಾಕೆ?

ನೆರೆಯ ಏಳು ಮನೆಗಳವರು ಬುಟ್ಟಿ ಕಟ್ಟುವುದನ್ನು ಕಲಿಸು ಎಂದು ಬಂದಿದ್ದಾರೆ. ಕಿಸಾ ಈಗ ಕೂರುತ್ತಾಳೆ. ಅಡುಗೆಮನೆಯಲ್ಲಿ ಹೊಗೆ ಕಡಿಮೆಯಾದ ಮೇಲೆ ಅವಳ ಕೆಮ್ಮೂ ಇಳಿದಿದೆ, ಅದಕ್ಕೇ ಇರಬೇಕು ಎಂದು ನನಗೆ. ನೀವು ಹೇಳಿದ ಪರೀಕ್ಷೆ ಪಾಸಾದೆ. ಈಗ ನಿಮ್ಮ ಸರದಿ. ಅಪ್ಪನಿಗೆ ಒಂದು ಸಾಲು ಬರೆಯಿರಿ.

ನಿಮ್ಮ
ಪ್ರಾಸ್ಕೋವಿಯಾ


ಕಲಂಗಾಲಾ ದ್ವೀಪ
೬ ಮೇ

ಮಗಳೇ,

ನಾನೂ ಒಂದು ಬುಟ್ಟಿ ಕಟ್ಟಿದೆ. ಆಸ್ಪತ್ರೆಯ ಹಳೆಯ ಹಾಸಿಗೆಯ ಹತ್ತಿ ತುಂಬಿದೆ. ಮತೋಕೆ ಬೆಂದಿತು. ಒಬ್ಬಳೇ ಕೂತು ಉಂಡೆ, ಎರಡು ಸಲ ಹಾಕಿಕೊಂಡೆ. ಮೂರು ಸಲ ಅಲ್ಲ, ನಿನ್ನ ಅಪ್ಪನ ಹಾಗೆ ನಾನು ಹೊಟ್ಟೆಬಾಕಿಯಲ್ಲ. ಈಗ ಹೆರಿಗೆಗೆ ಬರುವ ಹೆಂಗಸರಿಗೂ ಅದರಲ್ಲೇ ಗಂಜಿ ಇಡುತ್ತೇನೆ. ಯಾವ ಹೊತ್ತಿಗೆ ನೋವು ಬಂದರೂ ಬಿಸಿಯಿರುತ್ತದೆ.

ಮರದ ಮಾತು ಆಗಸ್ಟಿನಲ್ಲಿ ಬಂದಾಗ ನೋಡೋಣ. ನಿನ್ನ ಅಪ್ಪನಿಗೂ ನನಗೂ ಕೆಲವು ಮಾತು ಕಾಗದದಲ್ಲಿ ಆಗುವುದಿಲ್ಲ. ಮುಖ ನೋಡಿಯೂ ಇಷ್ಟು ವರ್ಷ ಆಗಲಿಲ್ಲ.

ಇಮ್ಮಾಕುಲೇಟಳಿಗೆ ಮುತ್ತು. ನೀನು ಮಲಗು.

ಸೆಂಗಾ ಜಸಿಂತಾ


ಮಸಾಕಾ
೧೫ ಮೇ

ಸೆಂಗಾ,

ಆಗಸ್ಟಿಗೆ ನೀವು ಬರುವ ಹೊತ್ತಿಗೆ ಅಲ್ಲಿ ಮೋಟು ಮಾತ್ರ ಇರುತ್ತದೆ. ನಾಳೆ ಬೆಳಿಗ್ಗೆ ಆರಕ್ಕೆ ಮರ ಕಡಿಯುವವರು ಬರುತ್ತಾರೆ. ಬೊಸ್ಕೊ ಇವತ್ತು ರಜೆ ಹಾಕಿ ತಾವೇ ಮೊದಲ ಬಸ್ಸು ಹಿಡಿದು, ಫೆರಿ ದಾಟಿ, ಈ ಕಾಗದವನ್ನು ನಿಮ್ಮ ಕೈಗೇ ಕೊಡುತ್ತಾರೆ. ಅವರು ನಿಮ್ಮ ಮುಂದೆ ನಿಂತಿರುವಾಗಲೇ ಓದಿ.

ನಿನ್ನೆ ಸಂಜೆ ಹೋಗಿ ಅಪ್ಪನನ್ನು ನೇರವಾಗಿ ಕೇಳಿದೆ. ಹನ್ನೆರಡು ದೊಡ್ಡ ಬುಟ್ಟಿ ಆಗಿದೆ ಅಪ್ಪಾ, ಹದಿನೈದು ಹೆಂಗಸರು ಬರುತ್ತೇವೆ ಎಂದಿದ್ದಾರೆ, ಒಣ ಕಾಫಿ ಕಡ್ಡಿ ಬೇಕಾದಷ್ಟು ಇದೆ, ಇನ್ನೇನು ಬೇಕು ಎಂದೆ. ಅವರು ಸೌದೆಮಾಡಿನೊಳಗೆ ಒಂದು ಕಟ್ಟಿನ ಮೇಲೆ ಕೂತಿದ್ದರು. ನಾಲ್ಕು ದಿನದಿಂದ ಕೊನೆಗೂ ಮಳೆ ಸುರಿಯುತ್ತಿದೆ. ತಗಡಿನ ಮೇಲಿನ ಸದ್ದಿಗೆ ಅವರ ಮಾತು ಸರಿಯಾಗಿ ಕೇಳಿಸದೆ ನಾನೂ ಒಳಗೆ ಹೋಗಿ ಪಕ್ಕದಲ್ಲಿ ಕೂತೆ.

"ನಿನ್ನ ಸೆಂಗಾಳದೂ ಕ್ವಾಂಜುಲಾ ಆಗಿತ್ತು, ಗೊತ್ತಾ?" ಎಂದರು.

ಗೊತ್ತಿರಲಿಲ್ಲ ಸೆಂಗಾ. ನಮ್ಮ ಮನೆಯಲ್ಲಿ ಯಾರೂ ಹೇಳಿಲ್ಲ.

"ಮೂವತ್ತೆಂಟು ವರ್ಷ ಆಯ್ತು. ನನಗಾಗ ಹದಿನೆಂಟು. ಸೌದೆ ಮುಚ್ಚಿಡೋ ಕೆಲಸ ನಂದು. ಬಾಳೆ ಎಲೆ ಕಡಿದು ಹೊದಿಸು ಅಂದಿದ್ರು. ಆಕಾಶ ಚೆನ್ನಾಗೇ ಇತ್ತು. ಪಕ್ಕದೂರಿಗೆ ಯಾರೋ ಹೊಸ ರೇಡಿಯೋ ತಂದಿದ್ರು, ಕೇಳೋಕೆ ಹೋದೆ. ತಿರುಗಿ ಬರೋಷ್ಟ್ರಲ್ಲಿ ಮಳೆ ಬಂದು ಸೌದೆಯೆಲ್ಲ ತೊಯ್ದು ತೊಪ್ಪೆ. ರಾತ್ರಿಯೆಲ್ಲ ಹೊಗೆ, ಬೆಂಕಿಯಿಲ್ಲ. ಮಾರನೇ ದಿನ ಬೀಗರ ತಟ್ಟೆಯಲ್ಲಿ ಮತೋಕೆ ಬಿಳೀ ಇತ್ತು. 'ಸೌದೆ ಒಣಗಿಸಿಡೋಕೆ ಬರದ ಮನೆ ಮಗಳು ನಮಗೆ ಬೇಡ' ಅಂದು ಎದ್ದರು. ಅವಳು ಒಳಗೆ ಹೊಸ ಗೊಮೆಸಿ ಉಟ್ಟು ಕೂತಿದ್ಲು, ಅವಳನ್ನ ಹೊರಗೆ ಕರೆಯೋ ಹೊತ್ತೇ ಬರ್ಲಿಲ್ಲ. ಆಮೇಲೆ ನರ್ಸ್ ತರಬೇತಿಗೆ ಅಂತ ದ್ವೀಪಕ್ಕೆ ಹೋದೋಳು ಅಲ್ಲೇ ಉಳಿದ್ಲು. ನನಗೆ ಒಂದು ದಿನ ಒಂದು ಮಾತು ಅಂದಿಲ್ಲ. ಅಂದಿದ್ರೆ ಚೆನ್ನಾಗಿರ್ತಿತ್ತು."

ಆಮೇಲೆ ಹೇಳಿದರು: "ನಿನ್ನ ಬುಟ್ಟಿ ಚೆನ್ನಾಗಿದೆ ಪ್ರಾಸ್ಕೋ. ಆದ್ರೆ ಅವಳು ಬಂದಾಗ ಈ ಮಾಡಿನ ತುಂಬ ಒಣ ಸೌದೆ ಇರ್ಬೇಕು. ಅವಳು ನೋಡ್ಬೇಕು. ಅಷ್ಟೇ."

ಈಗ ತಿಳಿಯಿತೇ ಸೆಂಗಾ? ಮರ ಕಡಿಸುತ್ತಿರುವುದು ಇಮ್ಮಾಕುಲೇಟಳಿಗಲ್ಲ, ಇನ್ನೂರು ಜನಕ್ಕಲ್ಲ. ನಿಮಗೆ. ನಾನು ಇನ್ನೂರು ಬುಟ್ಟಿ ಕಟ್ಟಿದರೂ, ಜಜ್ಜಾ ಆಗಸ್ಟಿನವರೆಗೂ ಮೇಲೆ ಕೂತರೂ ಅಪ್ಪ ಕೇಳುವುದಿಲ್ಲ. ನಾನು ಅವರಿಗೆ ಲೋಕದ ಬಿಸಿಲಿನ ವಿಷಯ ಹೇಳುತ್ತಿದ್ದೆ, ಅವರು ಆ ಒಂದು ಮಳೆಯೊಳಗೇ ನಿಂತಿದ್ದರು.

ಇದನ್ನೆಲ್ಲ ಬರೆಯುವುದು ನನಗೆ ಸಲ್ಲದೇನೋ. ನಿಮಗೆ ನೋವಾದರೆ ಆಗಸ್ಟಿನಲ್ಲಿ ಬಂದು ನನ್ನ ಕಿವಿ ಹಿಂಡಿ. ಆದರೆ ಕೇಳಿ. ಇದು ಆಗುವ ಕೆಲಸ! ಆಗಸ್ಟಿನವರೆಗೆ ಕಾಯಬೇಕಿಲ್ಲ, ಒಂದು ಕರೆ ಸಾಕು. ಮಳೆ ಬಂದದ್ದು ಅವರ ತಪ್ಪಲ್ಲ ಅನ್ನಿ, ಇಲ್ಲವೇ ಅವರದ್ದೇ ತಪ್ಪು ಎಂದು ಮೂವತ್ತೆಂಟು ವರ್ಷದ ಬೈಗುಳವನ್ನೆಲ್ಲ ಒಟ್ಟಿಗೆ ಬೈದುಬಿಡಿ. ಅವರಿಗೆ ಎರಡೂ ಒಂದೇ. ಕೊನೆಗೆ ಮಾತ್ರ ನೀವು ಬುಟ್ಟಿಯಲ್ಲಿ ಬೇಯಿಸಿ ಉಂಡದ್ದನ್ನು ಹೇಳಿ, ಮರ ಬಿಡು ಎನ್ನಿ.

ಬೊಸ್ಕೊರ ಫೋನಿನಿಂದಲೇ ಮಾಡಿ. ನಿಮ್ಮ ಮನೆಯ ಹತ್ತಿರ ಸಿಗ್ನಲ್ ಸಿಗದಿದ್ದರೆ ಅವರು ನಿಮ್ಮನ್ನು ಗುಡ್ಡದ ಮೇಲಿನ ಶಾಲೆಯ ತನಕ ಕರೆದುಕೊಂಡು ಹೋಗುತ್ತಾರೆ. ಕೊಡೆಯನ್ನೂ ಕೊಟ್ಟು ಕಳಿಸಿದ್ದೇನೆ. ನನ್ನ ನಂಬರಿಗಲ್ಲ, ಅಪ್ಪನದ್ದಕ್ಕೆ. ಅವರು ಇವತ್ತು ರಾತ್ರಿಯೂ ಮಲಗುವುದಿಲ್ಲ, ಸೌದೆಮಾಡಿನಲ್ಲೇ ಇರುತ್ತಾರೆ, ಈಗಲೂ ಅಲ್ಲೇ ಇರುವುದನ್ನು ನೋಡಿಕೊಂಡು ಬಂದಿದ್ದೇನೆ. ಮೊದಲ ರಿಂಗಿಗೇ ಎತ್ತುತ್ತಾರೆ. ಎತ್ತಿ ಮಾತಾಡದಿದ್ದರೆ ಇಡಬೇಡಿ, ಅವರು ಅಳುತ್ತಿರುತ್ತಾರೆ ಅಷ್ಟೇ.

ನಿಮ್ಮ
ಪ್ರಾಸ್ಕೋವಿಯಾ

ಮಡಿಚಿದ ಮೇಲೆ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಸೆಂಗಾ, ಮಧ್ಯರಾತ್ರಿಯಾದರೂ ಸರಿ, ಬೆಳಗಿನ ಜಾವ ಐದಾದರೂ ಸರಿ. ಆರರ ಮೇಲೆ ಮಾತ್ರ ಬೇಡ. ದಮ್ಮಯ್ಯ, ಬೆಳಕು ಹರಿಯುವುದರೊಳಗೆ ಒಂದು ಫೋನ್ ಮಾಡಿ.